ಹಲ್ಲು ನೋಡದೆ ಕೊಂಡವರು

ಮೊದಲೇ ಹೇಳಿಬಿಡುತ್ತೇನೆ, ಇಲಿಯಾಸನಿಗೆ 'ಮಾರು' ಎಂದವಳು ನಾನು. ನಾಳೆ ಯಾರಾದರೂ ಇದನ್ನು ಓದಿ, ಅನ್ನಪೂರ್ಣಾ ಟೀಚರು ತನ್ನ ಪಾಲನ್ನು ಮುಚ್ಚಿಟ್ಟು ಬರೀ ಅವನದನ್ನು ಹೇಳಿದಳು ಎನ್ನಬಾರದು. ಮೂವತ್ತು ವರ್ಷ ಊರಿನವರ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆದವಳು ನಾನು. ನನ್ನ ತಪ್ಪಿಗೂ ಒಂದು ಗೆರೆ ಎಳೆಯಬೇಕಲ್ಲ.

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಕಂಪ್ಯೂಟರ್ ಕ್ಲಾಸು ಇದೆ. ಮೊದಲು ಟೈಪಿಂಗ್ ಮಷೀನುಗಳಿದ್ದವು, ಆಮೇಲೆ ಕಂಪ್ಯೂಟರ್ ಬಂದವು, ಬೋರ್ಡು ಮಾತ್ರ ಹಳೆಯದೇ. ಇಲಿಯಾಸ ಪಿಯುಸಿ ಮುಗಿಸಿ ಅಲ್ಲಿಗೆ ಕಲಿಯಲು ಬಂದವನು, ಇಪ್ಪತ್ತೊಂಬತ್ತು ತುಂಬಿದರೂ ಬಿಟ್ಟು ಹೋಗಲಿಲ್ಲ. ಬೆಳಿಗ್ಗೆ ನನ್ನ ಬದಲು ಲೆಕ್ಕಪತ್ರದ ಟ್ಯಾಲಿ ಕಲಿಸುತ್ತಾನೆ, ಮಧ್ಯಾಹ್ನದಿಂದ ಹಿಂದಿನ ಕೋಣೆಯಲ್ಲಿ ಕೂತು ತನ್ನ ಕೆಲಸ ಮಾಡುತ್ತಾನೆ. ಮಾತು ಕಡಿಮೆ. ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವ ಸ್ವಭಾವ. ಎಷ್ಟು ಸಲ ಬೈದಿದ್ದೇನೋ!

ಅವನ ಅಪ್ಪ ಮೈನುದ್ದೀನಣ್ಣ ದನದ ದಲಾಲಿ. ಮಲಪ್ರಭೆಯ ನೀರು ಮೆಣಸಗಿ ಊರಿನೊಳಗೆ ನುಗ್ಗಿದ ವರ್ಷ ಅಲ್ಲಿಂದ ಎದ್ದು ಬಂದು ನಮ್ಮ ಕ್ಲಾಸಿನ ಹಿಂಬದಿಯ ಮನೆ ಹಿಡಿದರು. ನರಗುಂದದ ದನದ ಸಂತೆಯಲ್ಲಿ ಅವರ ಟವೆಲ್ಲಿನಡಿ ಕೈ ಕೊಟ್ಟರೆ ಮೋಸವಿಲ್ಲ ಎಂದು ಸುತ್ತಲಿನ ರೈತರ ಮಾತು. ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿಕೊಂಡು ಒಳಗೆ ಬೆರಳು ಒತ್ತಿ ಹೇಳುತ್ತಾರೆ. ವ್ಯಾಪಾರ ಕುದುರಿದ ಮೇಲೂ ಮಾರಿದವನು ಎತ್ತನ್ನು ಮಾತ್ರ ಕೊಡುತ್ತಾನೆ, ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತರಬೇಕು. ಹಳೆಯ ಹಗ್ಗ ವಾಪಸು ಬಂದು ಮನೆಯ ಗೂಟಕ್ಕೆ ಬೀಳದಿದ್ದರೆ ದನದ ಹಿಂದೆ ಲಕ್ಷ್ಮಿಯೂ ಹೋಗಿಬಿಡುತ್ತಾಳಂತೆ. ಮೈನುದ್ದೀನಣ್ಣ ಲಕ್ಷ್ಮಿ ಎನ್ನುವ ಕಡೆ ಬರಕತ್ತು ಎನ್ನುತ್ತಾರೆ, ಹಗ್ಗವನ್ನಂತೂ ಅವರೂ ಬಿಡುವುದಿಲ್ಲ. ಇದನ್ನೆಲ್ಲ ಕೇಳಿ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ.

ಇಲಿಯಾಸನ ಅಕ್ಕ ಸುಗರಾಳ ಗಂಡ ಖಾದರ ಶಾರ್ಜಾದಲ್ಲಿ ಡ್ರೈವರ್. ಉಳಿಸಿದ್ದನ್ನು ಕ್ರಿಪ್ಟೋ ನಾಣ್ಯ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದ. ನಾಣ್ಯ ಇಡುವ ಯಾವುದೋ ನಕಲಿ ವಾಲೆಟ್ ನಂಬಿ ಒಂದೇ ದಿನದಲ್ಲಿ ಎಲ್ಲವನ್ನೂ ಕಳೆದುಕೊಂಡ. ಇಲಿಯಾಸನಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಒಳಗ ಯಾರೂ ಇಣಕಿ ನೋಡದಂಥಾ ಚೀಲಾ ಒಂದು ನಾನ ಹೊಲಿತೀನ್ರಿ ಅಕ್ಕೋರ" ಎಂದವನು ಎರಡು ವರ್ಷ ಆ ಕೋಣೆಯಿಂದ ಏಳಲಿಲ್ಲ.

ಅವನು ಮಾಡಿದ್ದು ಒಂದು ಎಕ್ಸ್‌ಟೆನ್ಶನ್. ನಾವು ಇಂಟರ್ನೆಟ್ ನೋಡುವ ಬ್ರೌಸರಿನ ಮೇಲಿನ ಮೂಲೆಗೆ ಅಂಟಿಕೊಂಡು ಕೂರುವ ಪುಟ್ಟ ಪ್ರೋಗ್ರಾಮು ಅದು. ಒತ್ತಿದರೆ ಸಣ್ಣ ಕಿಟಕಿ ತೆರೆದು ನಿಮ್ಮ ನಾಣ್ಯಗಳು ಕಾಣುತ್ತವೆ. ತಾಯಿ ರಸೂಲಬಿ ಸೆರಗಿನ ತುದಿಯಲ್ಲಿ ಚಿಲ್ಲರೆ ಕಟ್ಟಿಕೊಳ್ಳುವುದನ್ನು ನೋಡಿ ಅದಕ್ಕೆ 'ಗಂಟು' ಎಂದು ಹೆಸರಿಟ್ಟ. ನಾಣ್ಯಗಳಿಗೆ ಕೀಲಿಯೆಂದರೆ ಹನ್ನೆರಡು ಪದಗಳು, ಅವು ಬಳಸುವವರ ಕಂಪ್ಯೂಟರಿನಲ್ಲೇ ಇರುತ್ತವೆ. ಇಲಿಯಾಸನಿಗೂ ಕಾಣುವುದಿಲ್ಲ. ಗಂಟು ಯಾರ ಹೆಸರನ್ನೂ ಕೇಳುವುದಿಲ್ಲ, ಫೋನ್ ನಂಬರು ಕೇಳುವುದಿಲ್ಲ.

"ಯಾರ್ಯಾರದಾರ ಅಂತ ನನಗೂ ಗೊತ್ತಿರಬಾರದ್ರಿ" ಎನ್ನುತ್ತಿದ್ದ. "ಗೊತ್ತಿದ್ರ ಒಂದಿಲ್ಲೊಂದು ದಿನಾ ಯಾವನರ ಬಂದು ಕುತಗಿ ಹಿಡದು ಕೇಳ್ತಾನ."

ಗಂಟು ಹೊರಗಿನವರನ್ನು ಕೇಳುತ್ತಿದ್ದುದು ಒಂದನ್ನೇ, ಇವತ್ತು ಯಾವ ನಾಣ್ಯದ ದರ ಎಷ್ಟು ಎಂದು. ಅದಕ್ಕೆ ಉತ್ತರ ಹೇಳಲು ನನ್ನ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಹಗಲು ರಾತ್ರಿ ಉರಿಯುತ್ತಿತ್ತು. ಕರೆಂಟ್ ಬಿಲ್ಲು ನನ್ನ ತಲೆಗೆ! ಜಗತ್ತಿನಲ್ಲಿ ಯಾರು ಎಲ್ಲಿ ಗಂಟು ತೆರೆದರೂ ಆ ಪರದೆಯ ಮೇಲೆ ಒಂದು ಸಾಲು ಬೀಳುತ್ತಿತ್ತು. ದೇಶದ ಹೆಸರು, ಗಂಟಿನ ಎಷ್ಟನೆಯ ಆವೃತ್ತಿ ಅವರ ಬಳಿ ಇದೆ ಎಂಬ ಅಂಕಿ, ಅಷ್ಟೇ. ಸಾಲು ಬಿದ್ದಾಗಲೆಲ್ಲ ಇಲಿಯಾಸ "ಬಾಗಲಾ ಬಡದ್ರು" ಎನ್ನುತ್ತಿದ್ದ. ಮೂರು ವರ್ಷಕ್ಕೆ ಹನ್ನೊಂದು ಸಾವಿರ ಜನ ಬಾಗಿಲು ಬಡಿಯುವವರಾದರು. ಇದೆಲ್ಲ ಪುಕ್ಕಟೆ.

ಎಕ್ಸ್‌ಟೆನ್ಶನ್‌ಗಳನ್ನು ಹಂಚುವ ಇಂಟರ್ನೆಟ್ ಅಂಗಡಿಯ ಪುಟದಲ್ಲಿ ಜನ ಅಭಿಪ್ರಾಯ ಬರೆಯುತ್ತಾರೆ. ಅದರಲ್ಲಿ ಒಂದನ್ನು ಇಲಿಯಾಸ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದ. ಫಿಲಿಪೈನ್ಸಿನ ಒಬ್ಬ ಹೆಂಗಸು, ಹೆಸರಿಲ್ಲ. "ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿರುತ್ತೇನೆ. ವರ್ಷಕ್ಕೊಮ್ಮೆ ಜೂನ್‌ನಲ್ಲಿ ತೆರೆಯುತ್ತೇನೆ, ಮಗಳ ಶಾಲೆಯ ಖರ್ಚಿಗೆ. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಮಾಡಿದವನ ಕೈ ತಣ್ಣಗಿರಲಿ." ಪಾಠ ಮಾಡಿ ದಣಿದು ಬಂದಾಗ ಅವನು ಅದರ ಕಡೆ ಒಮ್ಮೆ ನೋಡಿ ಕೂರುತ್ತಿದ್ದ.

ಈ ವರ್ಷ ಮಾರ್ಚ್‌ನಲ್ಲಿ ಗಂಟನ್ನು ಕೊಳ್ಳುತ್ತೇವೆ ಎಂದು ಒಂದು ಮೇಲ್ ಬಂತು. ಕೆಳಗೆ ಮನುಷ್ಯನ ಹೆಸರಿರಲಿಲ್ಲ, 'ತಂಡ' ಎಂದಷ್ಟೇ ಇತ್ತು. ಇಲಿಯಾಸ ಮೂರು ದಿನ ಉತ್ತರ ಬರೆಯಲಿಲ್ಲ. ನಾನೇ ಬೆನ್ನು ಹತ್ತಿದೆ.

"ಕಣ್ಣು ಕೆಂಪ ಮಾಡ್ಕೊಂಡು ಕುಂದರ್ತಿ, ಒಂದ ಪೈಸಾ ಇಲ್ಲ. ನಿಮ್ಮವ್ವ ನಿನ್ನ ಲಗ್ನದ ಚಿಂತಿ ಮಾಡಿ ಸೊರಗ್ಯಾಳ. ಮಾರಿ ಕೈ ತೊಳಕೋ" ಎಂದೆ. ನನಗೂ ಸ್ವಾರ್ಥವಿತ್ತು. ಅವನು ಪೂರ್ತಿಯಾಗಿ ನನ್ನ ಕ್ಲಾಸು ನೋಡಿಕೊಳ್ಳಲಿ ಎಂಬ ಆಸೆ. ಅದನ್ನು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಮಾರಿದ. ಹಣ ಬಂದ ದಿನ ಪೇಢೆ ತಂದು ನನ್ನನ್ನೂ ಮನೆಗೆ ಕರೆದ. ನಾನಿದ್ದರೆ ಅವರ ಮನೆಯಲ್ಲಿ ಎಲ್ಲರೂ ಕನ್ನಡವನ್ನೇ ಆಡುತ್ತಾರೆ. ಮೈನುದ್ದೀನಣ್ಣ ಹೆಗಲಿನ ಟವೆಲ್ ತೆಗೆದು ಮಗನ ಕೈಮೇಲೆ ಹೊದಿಸಿ, "ಎಷ್ಟಕ್ಕ ಹೋತು, ಒತ್ತು" ಎಂದರು. ಇಲಿಯಾಸ ನಗುತ್ತ ಬೆರಳು ಒತ್ತಿದ. ಮುದುಕನ ಮುಖ ಅರಳುತ್ತದೆ ಎಂದು ಕಾದೆ. ಅವರು ಟವೆಲ್ ತೆಗೆಯದೆ ಹಾಗೇ ನಿಂತರು.

"ನೀ ಕೇಳಿದ್ದೆಷ್ಟು?"

"ಇದರ ಅರ್ಧಾ, ಅಬ್ಬಾ. ಅವರ ಹೆಚ್ಚಿಗಿ ಕೊಟ್ರು."

"ಹಲ್ಲು ನೋಡಿದ್ರನ?"

ನಾನು ಪೇಢೆ ಬಾಯಲ್ಲಿಟ್ಟುಕೊಂಡೇ, "ಮೈನುದ್ದೀನಣ್ಣ, ಅದು ಎತ್ತಲ್ರಿ" ಎಂದೆ.

"ಗೊತ್ತೈತಿ ತಂಗಿ. ಕೊಂಡಾಂವ ಏನೇನು ಕೇಳಿದ ಅಂತ ಕೇಳಾಕತ್ತೀನಿ."

ಇಲಿಯಾಸ ನೆನಪಿಸಿಕೊಂಡು ಹೇಳಿದ. ಒಳಗಿನ ಕೆಲಸ ಹೇಗೆ ಮಾಡಿದ್ದೀ ಎಂದು ಅವರು ಕೇಳಿರಲಿಲ್ಲ. ಬೀಗ ಎಷ್ಟು ಗಟ್ಟಿ ಎಂದು ಕೇಳಿರಲಿಲ್ಲ. ಕೇಳಿದ್ದು ಮೂರೇ ಮಾತು. ಎಷ್ಟು ಜನ ಬಳಸುತ್ತಾರೆ? ಹೊಸ ಆವೃತ್ತಿ ಬಿಟ್ಟರೆ ಅದು ಕೇಳದೆಯೇ ಅವರ ಕಂಪ್ಯೂಟರಿಗೆ ಹೋಗಿ ಕೂರುತ್ತದೆಯೇ? ಒಡೆಯ ಬದಲಾದದ್ದು ಅವರಿಗೆ ಗೊತ್ತಾಗುತ್ತದೆಯೇ? ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

ಮೈನುದ್ದೀನಣ್ಣ ಕಟ್ಟೆಯ ಮೇಲೆ ಕೂತರು. "ಮೆಣಸಗ್ಯಾಗ ಇದ್ದಾಗ ನಂದ ಒಂದು ಎತ್ತಿತ್ತು ತಂಗಿ. ನರಗುಂದದಾಗ ಒಬ್ಬಾಂವ ಬಂದ. ಬಾಯಿ ತಗದು ಹಲ್ಲು ನೋಡಲಿಲ್ಲ, ಸುಳಿ ನೋಡಲಿಲ್ಲ, ನಾಕ ಹೆಜ್ಜಿ ನಡಿಸಿ ನೋಡಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚಿಗಿ ಕೊಟ್ಟು ಹೊಡಕೊಂಡು ಹೋದ. ನಾ ಖುಷೀಲೆ ಮನಿಗೆ ಬಂದೆ. ಮೂರನೇ ದಿನಾ ಮುಂಜಾನಿ ಎತ್ತು ಹಗ್ಗಾ ಹರಕೊಂಡು ಬಂದು ಬಾಗಲಾಗ ನಿಂತಿತ್ತು. ಮೈತುಂಬ ಬಾಸುಂಡಿ. ಹಿಂದ ಆ ಮಂದಿ ಬಂದ್ರು. ಟವೆಲ್ಲಿನ್ಯಾಗ ಕೈ ಕೊಟ್ಟಿದ್ನಲ್ಲ, ಹೊಳ್ಳಿ ಕೊಟ್ಟೆ. ಅದು ನನ್ನ ಮಾರಿ ನೋಡಕೋಂತ ಹೋತು." ಮಗನ ಕಡೆ ತಿರುಗಿ ಹೇಳಿದರು, "ಹಲ್ಲು ನೋಡಲಾರದ ಕೊಳ್ಳಾಂವ ದುಡಿಸಾಕ ಒಯ್ಯಂಗಿಲ್ಲ."

ಶುಭ ದಿನದಲ್ಲಿ ಇದೆಂಥ ಮಾತು ಎಂದು ನನಗೆ ಸಿಟ್ಟು ಬಂತು. ಪೇಢೆ ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ.

ಐದು ವಾರ ಏನೂ ಆಗಲಿಲ್ಲ. ಆಮೇಲೆ ಹೊಸ ಒಡೆಯರ ಮೊದಲ ಆವೃತ್ತಿ ಬಂತು. ಇಲಿಯಾಸನ ಕೊನೆಯದು ಮೂವತ್ತೆಂಟು, ಇದು ಮೂವತ್ತೊಂಬತ್ತು. 'ಸಣ್ಣ ದುರಸ್ತಿ' ಎಂದು ಬರೆದಿದ್ದರು. ಎಕ್ಸ್‌ಟೆನ್ಶನ್ ಬಿಚ್ಚಿ ಒಳಗೆ ಓದಬಹುದು. ಇಲಿಯಾಸ ಬಿಚ್ಚಿದ. ದುರಸ್ತಿ ಏನೂ ಇರಲಿಲ್ಲ. ಒಂದು ಹೊಸ ಕಡತ ಇತ್ತು, ಅದು ಖಾಲಿ. ಹತ್ತು ದಿನ ಬಿಟ್ಟು ನಲವತ್ತನೆಯದು ಬಂತು. ಈಗ ಆ ಕಡತದಲ್ಲಿ ಎರಡು ಸಾಲು ಇದ್ದವು. ಗಂಟು ತೆರೆದಾಗಲೆಲ್ಲ ಅದು ಯಾವುದೋ ಗುರುತಿಲ್ಲದ ಜಾಗಕ್ಕೆ ಹೋಗಿ, ಏನನ್ನೂ ಒಯ್ಯದೆ, ಏನನ್ನೂ ತರದೆ ವಾಪಸು ಬರುತ್ತಿತ್ತು.

"ಸುಮ್ನ ಹೋಗಿ ಬರ್ತೈತಿ ಅಂದ್ರ ಏನ ತಪ್ಪೋ?" ಎಂದೆ.

"ಕಳ್ಳ ಮೊದಲನೇ ದಿನಾ ಕಳವು ಮಾಡಂಗಿಲ್ರಿ ಅಕ್ಕೋರ. ನಾಯಿಗೆ ರೊಟ್ಟಿ ಹಾಕಿ ಹೋಗ್ತಾನ."

ಅವನು ಖಾದರನಿಗೆ ಫೋನ್ ಮಾಡಿ, ಆಮೇಲೆ ಮತ್ತೆ ಉಳಿಸಿ ಗಂಟಿನಲ್ಲಿಟ್ಟಿದ್ದುದನ್ನು ಬೇರೆ ಕಡೆ ಸಾಗಿಸಲು ಹೇಳಿದ. ಉಳಿದ ಹನ್ನೊಂದು ಸಾವಿರ ಜನರಿಗೆ ಹೇಗೆ ಹೇಳುವುದು? ಯಾರ ಹೆಸರೂ ಗೊತ್ತಿಲ್ಲ. ಗೊತ್ತಿರಬಾರದು ಎಂದೇ ಕಟ್ಟಿದ ಗಂಟು ಅದು. ಹೊಸ ಆವೃತ್ತಿಯಲ್ಲಿ ಹೇಳೋಣವೆಂದರೆ ಆ ಹಕ್ಕನ್ನೇ ಮಾರಿಯಾಗಿತ್ತು. ಇಂಟರ್ನೆಟ್ ಅಂಗಡಿಗೆ ದೂರು ಬರೆದ. 'ಪರಿಶೀಲಿಸುತ್ತಿದ್ದೇವೆ' ಎಂದು ಯಂತ್ರ ಉತ್ತರ ಕೊಟ್ಟಿತು. ರೋಣಕ್ಕೆ ಹೋಗಿ ಒಬ್ಬ ವಕೀಲರನ್ನು ಕೇಳಿದೆವು. ಒಳ್ಳೆಯ ಮನುಷ್ಯ, ಚಹಾ ಕೊಟ್ಟು ಕೂರಿಸಿ ಎಲ್ಲ ಕೇಳಿದರು. "ಇನ್ನೂ ಯಾರದೂ ಏನೂ ಹೋಗಿಲ್ಲಲ್ರಿ. ಹೋದ ಮ್ಯಾಲೆ ಬರ್ರಿ, ದೂರು ಬರಿಯೋಣು" ಎಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಇಲಿಯಾಸ ಕಿಟಕಿಯ ಕಡೆ ಕೂತಿದ್ದ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣತೊಡಗಿದಾಗ, "ಜೂನ್ ಬಂತ್ರಿ" ಎಂದ. ಗೋಡೆಯ ಕಾಗದದ ಆ ಹೆಂಗಸನ್ನು ನೆನೆದು ಹಾಗೆಂದ ಎಂದು ನನಗೆ ತಿಳಿಯಿತು.

ಮನೆಗೆ ಬಂದರೆ ಮೈನುದ್ದೀನಣ್ಣ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದರು.

"ಹಗ್ಗಾ ಮನಿಗಿ ತಂದಿಯೋ, ಅದನ್ನೂ ಕೊಟ್ಟಿಯೋ?"

ಇಲಿಯಾಸ ಎದ್ದು ಹಿಂದಿನ ಕೋಣೆಗೆ ಓಡಿದ. ಹಳೆಯ ಕಂಪ್ಯೂಟರ್ ಉರಿಯುತ್ತಲೇ ಇತ್ತು, ಸಾಲುಗಳು ಬೀಳುತ್ತಲೇ ಇದ್ದವು. ಹಗ್ಗ ನಮ್ಮಲ್ಲೇ ಉಳಿದಿತ್ತು, ಕೊಂಡವರು ಒಳಗೆ ನೋಡಿರಲಿಲ್ಲ. ಗಂಟು ಇನ್ನೂ ದರ ಕೇಳಲು ನಮ್ಮ ಕೋಣೆಗೇ ಬರುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬರುವವರಿಗೆ ಕಳಿಸುವ ದರಪಟ್ಟಿಯಲ್ಲಿ ನಾಣ್ಯದ ಹೆಸರಿನ ಜಾಗದಲ್ಲಿ ಏನು ಬರೆದರೂ ಅದೇ ಅವರ ಕಿಟಕಿಯಲ್ಲಿ ಕಾಣುತ್ತದೆ. ಅವನು ಮೊದಲ ನಾಣ್ಯದ ಹೆಸರು ಅಳಿಸಿ ಇಂಗ್ಲಿಷಿನಲ್ಲಿ ಬರೆದ: 'ಒಡೆಯರು ಬದಲಾಗಿದ್ದಾರೆ, ನಂಬಬೇಡಿ, ನಿಮ್ಮದನ್ನು ಬೇರೆಡೆ ಸಾಗಿಸಿ.'

ನಾನು ಅದನ್ನು ಎರಡು ಸಲ ಓದಿದೆ. "ಇಲಿಯಾಸ, ಇದನ್ನ ನೋಡಿದ್ರ ನಾ ನೀನ ಕಳ್ಳ ಅಂತ ತಿಳೀತೀನಿ. ಕಳ್ಳರು ಬರಿಯೂದೂ ಹಿಂಗ."

"ಹೌದ್ರಿ" ಎಂದ. ಆದರೂ ಕಳಿಸಿದ.

ನಾಲ್ಕು ದಿನ ಹಾಗೇ ನಡೆಯಿತು. ಎಷ್ಟು ಜನ ಓದಿದರೋ, ಎಷ್ಟು ಜನ ನಂಬಿದರೋ. ನಂಬದವರು ಅಂಗಡಿಯ ಪುಟದಲ್ಲಿ 'ಮಾಡಿದವನೇ ಕಳ್ಳ, ಎಚ್ಚರ' ಎಂದು ಬರೆದರು. ಐದನೆಯ ದಿನ ಕೊಂಡವರಿಂದ ಒಂದು ಮೇಲ್ ಬಂತು. ಬೈಗುಳ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. 'ನಿಮ್ಮ ಮನೆಯ ಬಾಗಿಲು ಚೆನ್ನಾಗಿದೆ' ಎಂದಿತ್ತು, ಜೊತೆಗೆ ಒಂದು ಫೋಟೋ. ಮೈನುದ್ದೀನಣ್ಣನ ಮನೆಯ ನೀಲಿ ಬಾಗಿಲು, ಕಟ್ಟೆಯ ಮೇಲೆ ಅವರ ಚಪ್ಪಲಿ. ಇಂಟರ್ನೆಟ್ಟಿನ ನಕ್ಷೆಯಲ್ಲಿ ಓಣಿಯ ಹಳೆಯ ಚಿತ್ರ ಇರುತ್ತದೆ, ಅಲ್ಲಿಂದ ತೆಗೆದಿರಬೇಕು ಬಿಡೋ ಎಂದು ಧೈರ್ಯ ಹೇಳಹೋದೆ. ರಸೂಲಬಿ ಹಿಂದಿನಿಂದ ಬಗ್ಗಿ ನೋಡಿ, "ನೀಲಿ ಬಣ್ಣಾ ಹೋದ ರಂಜಾನಕ್ಕ ಹಚ್ಚಿಸೇವಲ್ರಿ" ಎಂದರು. ಯಾರೋ ನಮ್ಮ ಓಣಿಗೆ ಬಂದು ಹೋಗಿದ್ದರು. ಯಾವ ದಿನ, ಎಷ್ಟು ಹೊತ್ತಿಗೆ, ನಾನು ಗೇಟಿನಲ್ಲಿ ನಿಂತು ಸೊಪ್ಪು ಕೊಳ್ಳುವಾಗಲೋ ಏನೋ. ಅಂದಿನಿಂದ ರಸೂಲಬಿ ಹಗಲಿನಲ್ಲೂ ಅಗಳಿ ಹಾಕುತ್ತಿದ್ದಾರೆ. ನಾನೂ ಬೈಕಿನ ಸದ್ದು ಕೇಳಿದರೆ ಕಿಟಕಿಗೆ ಹೋಗಿ ನೋಡುತ್ತೇನೆ. ಹೆದರಿಕೆ ಎನ್ನುವುದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿತೆ.

ಮರುದಿನ ನಲವತ್ತೊಂದನೆಯ ಆವೃತ್ತಿ ಬಂತು. ಇಲಿಯಾಸ ಅದನ್ನು ಬಿಚ್ಚಿ ಓದಿ ತಲೆ ಹಿಡಿದುಕೊಂಡ. ಹೋಗಿ ಬರುತ್ತಿದ್ದ ಆ ಎರಡು ಸಾಲು ಈಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ಹನ್ನೆರಡು ಪದಗಳನ್ನು ಹೊತ್ತುಕೊಂಡು ಹೋಗುತ್ತಿದ್ದವು. ದರ ಕೇಳಲು ನಮ್ಮ ಕೋಣೆಗೆ ಬರುವುದನ್ನೂ ಅವರು ಕಿತ್ತುಹಾಕಿದ್ದರು. ಸಂಜೆಯ ಹೊತ್ತಿಗೆ ಪರದೆ ಬತ್ತಿತು. ಇಂಟರ್ನೆಟ್ ಅಂಗಡಿಯ ಪುಟದಲ್ಲಿ ಮಾತ್ರ ಒಂದರ ಮೇಲೊಂದು ಶಾಪ ಬೀಳುತ್ತಿತ್ತು. ಗಂಟಿನ ಪರಿಚಯದಲ್ಲಿ ಅವನು ಹಿಂದೆ ಹೆಮ್ಮೆಯಿಂದ ಬರೆದ 'ಇಲಿಯಾಸ, ಗಜೇಂದ್ರಗಡ' ಎಂಬ ಸಾಲನ್ನು ಹೊಸ ಒಡೆಯರು ಅಳಿಸಿರಲಿಲ್ಲ. ಅದನ್ನೇಕೆ ಅಳಿಸಿಯಾರು?

ಇಲಿಯಾಸ ಆ ಹಳೆಯ ಕಂಪ್ಯೂಟರನ್ನು ಆರಿಸಲಿಲ್ಲ. ಇನ್ನು ಆ ಬಾಗಿಲು ಬಡಿಯುವವರೆಂದರೆ ಬಹುದಿನದಿಂದ ಕಂಪ್ಯೂಟರ್ ತೆರೆಯದವರು, ಹೊಸ ಆವೃತ್ತಿ ಇನ್ನೂ ತಲುಪದವರು. ಅವರ ನಾಣ್ಯ ಇನ್ನೂ ಇದೆ. ತೆರೆದ ಕೂಡಲೇ ಹಳೆಯ ಗಂಟು ಮೊದಲು ನಮ್ಮಲ್ಲಿಗೆ ಬರುತ್ತದೆ, ಆಮೇಲೆ ಯಾವ ಗಳಿಗೆಯಲ್ಲಾದರೂ ನಲವತ್ತೊಂದು ಬಂದು ಕೂರುತ್ತದೆ. ನಡುವೆ ಸಿಗುವುದು ಒಂದು ನಿಮಿಷವೂ ಇರಬಹುದು, ಒಂದು ತಾಸೂ ಇರಬಹುದು. ಅವನು ದರಪಟ್ಟಿಯ ಮಾತನ್ನು ಬದಲಿಸಿದ. 'ನಾನು ಇಲಿಯಾಸ, ಇದನ್ನು ಮಾಡಿದವನು. ಈಗಲೇ ಸಾಗಿಸಿ. ನಂಬಿಕೆ ಬಾರದಿದ್ದರೆ ಫೋನ್ ಮಾಡಿ.' ಕೆಳಗೆ ತನ್ನ ನಂಬರು ಹಾಕಿದ.

"ಹುಚ್ಚು ಹಿಡದೈತೇನ ನಿನಗ? ಬಾಗಲಾ ನೋಡಿ ಹೋಗ್ಯಾರ. ಇನ್ನ ನಂಬರನೂ ಕೊಡ್ತಿ?" ಎಂದು ಕೂಗಾಡಿದೆ.

"ಹೆಸರಿಲ್ಲದಾಂವನ್ನ ಯಾರ ನಂಬತಾರ್ರಿ ಅಕ್ಕೋರ? ನಾವು ನಂಬಿ ಕೆಟ್ವಿ."

ಅದು ನನಗೂ ಸೇರಿ ಹೇಳಿದ್ದು.

ಮೂರು ದಿನಕ್ಕೆ ಏಳೋ ಎಂಟೋ ಬಡಿತ ಬಿದ್ದಿರಬೇಕು. ಒಬ್ಬರೂ ಫೋನ್ ಮಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಟ್ಯಾಲಿ ಕ್ಲಾಸು ಬಿಟ್ಟ ಮೇಲೆ, ನಾನು ಆ ಕೋಣೆಯಲ್ಲಿದ್ದೆ. ಮೈನುದ್ದೀನಣ್ಣ ಮಗನಿಗೆ ಚಹಾ ತಂದು ಬಾಗಿಲಲ್ಲಿ ನಿಂತಿದ್ದರು. ಪರದೆಯ ಮೇಲೆ ಒಂದು ಸಾಲು ಬಿತ್ತು. ಫಿಲಿಪೈನ್ಸ್, ಮೂವತ್ತೊಂದು.

ಮೂವತ್ತೊಂದು ಹೋದ ವರ್ಷ ಜೂನ್ ಹೊತ್ತಿನ ಆವೃತ್ತಿ. ಇಲಿಯಾಸ ಗೋಡೆಯ ಕಾಗದ ನೋಡಿದ, ನಾನೂ ನೋಡಿದೆ. ಎರಡನೆಯ ಸಲ ಅದೇ ಸಾಲು ಬಿತ್ತು. ಮುಚ್ಚಿ ಮತ್ತೆ ತೆರೆದಿರಬೇಕು, ಕಂಡದ್ದು ನಿಜವೇ ಎಂದು. ಮೂರನೆಯ ಸಲ. ಆಮೇಲೆ ಮೇಜಿನ ಮೇಲಿದ್ದ ಫೋನ್ ರಿಂಗಾಯಿತು. ಅರವತ್ತಮೂರರಿಂದ ಶುರುವಾಗುವ ಹೊರದೇಶದ ನಂಬರು.

ಇಲಿಯಾಸನ ಕೈ ಫೋನಿನವರೆಗೆ ಹೋಗಿ ನಿಂತಿತು. ಮೈನುದ್ದೀನಣ್ಣನಿಗೆ ಪರದೆಯ ಮೇಲಿನದು ಏನೂ ಓದಲು ಬರುವುದಿಲ್ಲ. ಅವರು ಮಗನ ಮುಖವನ್ನೇ ನೋಡುತ್ತಿದ್ದರು.

"ಎತ್ತು ಬಾಗಲಕ್ಕ ಬಂದೈತಿ" ಎಂದರು. "ಈ ಸಲ ಹೊಳ್ಳಿ ಕೊಡಬ್ಯಾಡ. ತಗಿ."

ತೆಗೆದ. ಅತ್ತ ಒಂದು ಹೆಣ್ಣುದನಿ, ಹಿಂದೆ ಒಂದು ಮಗು ಏನೋ ಕೇಳುತ್ತಿದ್ದ ಸದ್ದು. ತಡವರಿಸುವ ಇಂಗ್ಲಿಷಿನಲ್ಲಿ ಅವಳು ಕೇಳಿದ್ದು ನನಗೂ ಕೇಳಿಸಿತು. ಕಳ್ಳ ನೀನೇನಾ?

"ಅಲ್ಲ" ಎಂದು ಅವನೂ ಇಂಗ್ಲಿಷಿನಲ್ಲೇ ಹೇಳಿದ. "ಕಳ್ಳನಿಗೆ ಮಾರಿದವನು." ಒಂದು ಉಸಿರು ಎಳೆದುಕೊಂಡು, ಈಗ ಏನು ಒತ್ತಬೇಕು, ಎಲ್ಲಿಗೆ ಸಾಗಿಸಬೇಕು ಎಂದು ಬಿಡಿಸಿ ಹೇಳತೊಡಗಿದ. ಮೂರನೆಯ ಮಾತಿಗೆ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದ, ಹೋಗಲಿಲ್ಲ. ಮತ್ತೆ ಹಚ್ಚಿದ.

ಪರದೆಯ ಮೇಲೆ ನಾಲ್ಕನೆಯ ಸಾಲು ಬೀಳಲಿಲ್ಲ. ಅವಳು ಎಲ್ಲವನ್ನೂ ಸಾಗಿಸಿ ಗಂಟನ್ನು ಕಿತ್ತೆಸೆದರೂ ಬಡಿತ ನಿಲ್ಲುತ್ತದೆ, ನಲವತ್ತೊಂದು ಬಂದು ಬಾಯಿ ಹಾಕಿದರೂ ನಿಲ್ಲುತ್ತದೆ. ಎರಡರಲ್ಲಿ ಯಾವುದು ಆಯಿತು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಕಂಪ್ಯೂಟರ್ ಇನ್ನೂ ಉರಿಯುತ್ತಿದೆ, ಇಲಿಯಾಸ ಅದರ ಮುಂದೆ ಕೂರುತ್ತಾನೆ, ಕರೆಂಟ್ ಬಿಲ್ಲನ್ನು ನಾನು ತುಟಿ ಪಿಟಕ್ಕೆನ್ನದೆ ಕಟ್ಟುತ್ತೇನೆ. ಮಾರಿದವನು ನಾನು ಎಂದು ಅವನು ತನ್ನ ಬಾಯಿಂದಲೇ ಹೇಳಿದ. ಮಾರು ಎಂದವಳು ನಾನು ಅಲ್ಲೇ ಒಂದು ಮೊಳ ದೂರದಲ್ಲಿ ನಿಂತಿದ್ದೆ, ಬಾಯಿ ಬಿಡಲಿಲ್ಲ.